ಅರಿಕೆಗೆ ಕಾದ ಎತ್ತುಗಳು

"ಇನ್ನೊಂದ್ಸಲ! ಎಲ್ರೂ ಒಟ್ಟಿಗೆ! ಹೂಂ, ತಳ್ರಿ!"

ಗಂಡಸರು ಲಾರಿಯ ಹಿಂಬದಿಗೆ ಹೆಗಲು ಕೊಟ್ಟರು. ಚಕ್ರ ಗಿರಗಿರನೆ ತಿರುಗಿ ಅವರ ಎದೆಗೂ ಮುಖಕ್ಕೂ ಕೆಸರು ಎರಚಿತು, ಆಮೇಲೆ ಇನ್ನೊಂದು ಗೇಣು ಕೆಳಕ್ಕೆ ಇಳಿಯಿತು. ಡ್ರೈವರ್ ವಿತೊ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಪುರಸಭೆಯ ಲಾರಿ ಅಚ್ಚಿನವರೆಗೂ ಹೂತುಹೋಗಿತ್ತು.

"ಸಾಕು ಬಿಡ್ರಪ್ಪಾ," ಎಂದ. "ಇನ್ನೂ ತಳ್ಳಿದ್ರೆ ಇದನ್ನೂ ಇಲ್ಲೇ ಮಣ್ಣು ಮಾಡ್ಬೇಕಾಗುತ್ತೆ."

ಒಬ್ಬಿಬ್ಬರು ನಕ್ಕರು. ಆಮೇಲೆ ಮನೆಯೊಳಗೆ ಹೆಣ ಇರುವುದು ನೆನಪಾಗಿ ಟೋಪಿ ಸರಿಮಾಡಿಕೊಂಡರು.

ವಾರವಿಡೀ ಹೊಯ್ದ ಮಳೆ ಅಂದು ಬೆಳಗ್ಗೆಯಷ್ಟೇ ಬಿಟ್ಟಿತ್ತು. ಹೊಳೆಯ ಪಕ್ಕದ ಆ ಮರದ ಮನೆಯ ಮುಂದಿನ ಕೋಣೆಯಲ್ಲಿ ಉಬೆರ್ಲಿಂದಾ ಪೆಟ್ಟಿಗೆಯೊಳಗೆ ಮಲಗಿದ್ದಳು. ಅವಳು ಈ ವಿಯಾ ಮಾನ್ಸಿಯಾ ಊರು ಕಟ್ಟಿದ ಫಿಲಿದೋರ್ ಮಾನ್ಸಿಯಾನ ಮಗಳು. ಹುಟ್ಟಿದ್ದು ಮೇಲ್ದಂಡೆಯವರ ಮನೆತನದಲ್ಲಿ, ಬಾಳಿದ್ದು ಕೆಳದಂಡೆಯ ದೋಣಿಗಾರ ಬೆಲಾರ್ಮಿನೊ ನಾವೆಲ್ಕಿನ್‌ನ ಹೆಂಡತಿಯಾಗಿ. ಈಗ ಅವಳನ್ನು ಮೇಲ್ದಂಡೆಯ ಗುಡ್ಡದ ನೆತ್ತಿಗೆ ಒಯ್ಯಬೇಕು. ಊರಿಗೆಲ್ಲ ಸ್ಮಶಾನ ಇರುವುದು ಅಲ್ಲೊಂದೇ. ನಡುವೆ ಇರುವುದು ಒಂದು ಏರು. ಬೇಸಿಗೆಯಲ್ಲಿ ಮಕ್ಕಳು ಓಡಿ ಹತ್ತುವ ಏರು, ಮಳೆಗಾಲದಲ್ಲಿ ಮೊಣಕಾಲುದ್ದದ ಜೇಡಿ.

"ಹೊತ್ಕೊಂಡೇ ಹೋಗೋಣ," ಎಂದ ಒಬ್ಬ.

"ಹೊತ್ಕೊಂಡು ಹೋಗಿ ಬೀಳಿಸ್ತೀರ," ಎಂದಳು ತ್ರಾನ್ಸಿತೊ. ಸತ್ತವರ ಮನೆಯಲ್ಲಿ ಪ್ರಾರ್ಥನೆ ಹೇಳಿಸುವ ಮುದುಕಿ ಅವಳು. ಎರಡೂ ದಂಡೆಯವರು ಅವಳ ಬಾಯಿಗೆ ಹೆದರುತ್ತಿದ್ದರು. "ಆ ಪ್ರೋಸ್ಪೆರೊನ್ನ ಹೀಗೇ ಹೊತ್ತು ಬೀಳಿಸಿರ್ಲಿಲ್ವಾ? ಅವನಾದ್ರೆ ಸರಿ, ಬದುಕಿದ್ದಾಗ್ಲೂ ಕುಡಿದು ಅದೇ ಏರಲ್ಲಿ ಉರುಳ್ತಿದ್ದ, ಅಭ್ಯಾಸ ಇತ್ತು. ಈ ಹೆಂಗಸು ಒಂದ್ಸಲಾನೂ ಬಿದ್ದವಳಲ್ಲ."

"ಹಾಗಾದ್ರೆ ಎತ್ತೇ ಬೇಕು," ಎಂದ ವಿತೊ ಲಾರಿಯಿಂದ ಇಳಿಯುತ್ತ. ಎಲ್ಲರೂ ತಲೆಯೆತ್ತಿ ಗುಡ್ಡದ ಕಡೆ ನೋಡಿದರು.

ಕೆಳದಂಡೆಯಲ್ಲಿ ದೋಣಿಗಳಿದ್ದವು. ಎತ್ತು ಇದ್ದದ್ದು ಮೇಲ್ದಂಡೆಯಲ್ಲಿ. ಅಲ್ಲಿ, ಮಾನ್ಸಿಯಾ ಮನೆಯ ಗೇಟಿನ ಮುಂದೆ, ಕೊಂಬಿಗೆ ನೊಗ ಬಿಗಿದ ಒಂದು ಜೋಡಿ ಬೆಳಗಿನಿಂದಲೇ ನಿಂತಿತ್ತು. ಪಕ್ಕದಲ್ಲಿ ಕರಿ ಕೋಟು ತೊಟ್ಟ ಒಬ್ಬ ಮುದುಕ. ಉಬೆರ್ಲಿಂದಾಳ ಅಣ್ಣ ಎರಾಸ್ಮೊ ಅವನು.

"ಹೂಡಿಟ್ಕೊಂಡೇ ನಿಂತಿದ್ದಾರಲ್ಲ!" ಎಂದ ಪಾದ್ರಿ. ಬಂದರಿನಿಂದ ದೋಣಿಯಲ್ಲಿ ಬಂದಿದ್ದ ಹುಡುಗು ಪಾದ್ರಿ, ಈ ಊರಿಗೆ ಹೊಸಬ. "ಮತ್ಯಾಕೆ ಇಳಿದು ಬರ್ತಿಲ್ಲ?"

"ಯಾರೂ ಹೋಗಿ ಕೇಳಿಲ್ವಲ್ಲ ಫಾದರ್," ಎಂದ ವಿತೊ.

"ಹೋಗಿ ಕೇಳಿ ಮತ್ತೆ. ಕತ್ತಲಾಗೋದ್ರೊಳಗೆ ನಾನು ದೋಣಿ ಹತ್ಬೇಕು. ಆಮೇಲೆ ನಾನು ಬರೋದು ಮುಂದಿನ ತಿಂಗಳೇ."

"ಅದೊಂದೇ ನೋಡಿ ಈ ಊರಲ್ಲಿ ಆಗ್ದೇ ಇರೋ ಕೆಲಸ," ಎಂದಳು ತ್ರಾನ್ಸಿತೊ. ಒಳಗೆ ಒಲೆಯ ಪಕ್ಕ, ಹೆಂಡತಿಯ ಪೆಟ್ಟಿಗೆಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ ಬೆಲಾರ್ಮಿನೊನತ್ತ ಗದ್ದ ತೋರಿಸಿದಳು.

ಬೆಲಾರ್ಮಿನೊಗೆ ಎಲ್ಲವೂ ಕೇಳಿಸುತ್ತಿತ್ತು. ತಲೆಯೆತ್ತದೆಯೇ ಹೇಳಿದ: "ನಾನು ಹೋಗಿ ಕೇಳಲ್ಲ. ಅವರ ಮನೆಯಿಂದ ನಮ್ಮ ಮನೆಗೆ ಒಂದು ದಿನದ ಮುಯ್ಯಿ ಬರಬೇಕು. ಮುಯ್ಯಿ ಕೊಡಬೇಕಾದವರು ತಾವಾಗಿ ಬರ್ತಾರೆ."

* * *

ಫಿಲಿದೋರ್ ಮಾನ್ಸಿಯಾ, ಕಂದೆಲಾರಿಯೊ ನಾವೆಲ್ಕಿನ್ ಇಬ್ಬರೂ ಉತ್ತರದ ಒಂದೇ ದ್ವೀಪದವರು. ಒಬ್ಬನ ಮಗುವಿನ ಜ್ಞಾನಸ್ನಾನಕ್ಕೆ ಇನ್ನೊಬ್ಬ ಧರ್ಮತಂದೆಯಾಗಿ ನಿಂತವರು. ಹಾಗಾಗಿ ಒಬ್ಬರನ್ನೊಬ್ಬರು ಕಂಪಾದ್ರೆ ಎಂದೇ ಕರೆಯುತ್ತಿದ್ದರು. ಗಡಿಯಾಚೆಯ ಬಯಲಿನಲ್ಲಿ ಬಹಳ ವರ್ಷ ಪರರ ಕುರಿಯ ಉಣ್ಣೆ ಕತ್ತರಿಸಿ, ಕೊನೆಗೆ ಸಂಸಾರ ಕರೆದುಕೊಂಡು, ದನಗಳನ್ನು ಹೊಡೆದುಕೊಂಡು ಬೆಟ್ಟ ದಾಟಿ ಬಂದರು. ಹೊಳೆ ತಿರುಗುವ ಜಾಗದಲ್ಲಿ ನಿಂತರು. ಮುಂದೆ ಕಾಡು, ಹಿಂದೆ ಗಡಿ. ಜನ ಎಂಬುದು ಅವರೇ. ನೀರಿನ ಪಕ್ಕ ಎರಡು ಮನೆ ಎದ್ದವು, ಅಕ್ಕಪಕ್ಕ.

ಮಳೆಗಾಲದಲ್ಲಿ ಹೊಳೆ ಎರಡೂ ಮನೆಯೊಳಗೆ ಬಂತು. ಫಿಲಿದೋರ್ ಮನೆಯನ್ನು ಗುಡ್ಡಕ್ಕೆ ಸಾಗಿಸಲು ನಿಶ್ಚಯಿಸಿದ. ದ್ವೀಪದವರು ಮನೆ ಬಿಚ್ಚಿ ಕಟ್ಟುವುದಿಲ್ಲ. ಅಡಿಯಲ್ಲಿ ದಿಮ್ಮಿ ಕೊಟ್ಟು, ಎತ್ತು ಹೂಡಿ, ಇದ್ದ ಹಾಗೆಯೇ ಎಳೆಯುತ್ತಾರೆ. ಅದಕ್ಕೆ ಊರೆಲ್ಲ ಸೇರಬೇಕು. ಆದರೆ ಕೇಳದೆ ಯಾರೂ ಬರುವ ಹಾಗಿಲ್ಲ. ಯಜಮಾನನೇ ಬಾಗಿಲಿಗೆ ಹೋಗಿ, ಟೋಪಿ ತೆಗೆದು, ಅರಿಕೆ ಮಾಡಬೇಕು: ನನಗೊಂದು ಭಾರ ಇದೆ, ನನ್ನೊಬ್ಬನಿಂದ ಆಗದು, ನಿಮ್ಮ ಕೈ ಬೇಡುತ್ತೇನೆ. ಹಾಗೆ ಕೇಳಿಸಿಕೊಂಡವನು ಇಲ್ಲ ಎನ್ನುವಂತಿಲ್ಲ. ಕೂಲಿ ಇಲ್ಲ, ಊಟ ಉಂಟು. ಮತ್ತೆ ಬಂದವನ ಮನೆಗೆ ಒಂದು ದಿನದ ದುಡಿಮೆ ತಿರುಗಿ ಹೋಗಬೇಕು, ಅದು ಮುಯ್ಯಿ.

ಫಿಲಿದೋರ್ ಪಕ್ಕದ ಬಾಗಿಲಿಗೆ ಹೋಗಿ ಟೋಪಿ ತೆಗೆದ. ಆಗ ಎತ್ತುಗಳಿದ್ದದ್ದು ನಾವೆಲ್ಕಿನ್ ಕಡೆಯವರ ಬಳಿ. ಕಂದೆಲಾರಿಯೊ ತನ್ನ ಜೋಡಿಯನ್ನೂ, ಅಷ್ಟರಲ್ಲಿ ಕಣಿವೆಯ ಮೇಲುಗಡೆ ಬಂದು ನೆಲೆಸಿದ್ದ ತನ್ನ ನೆಂಟರ ಜೋಡಿಗಳನ್ನೂ ತಂದು ಹೂಡಿದ. ಮನೆಯೊಡತಿ ಒಲೆ ಆರಿಸಲು ಒಪ್ಪಲಿಲ್ಲ. ಬೆಂಕಿ ಆರಿದ ಮನೆ ಹೊಸ ಜಾಗದಲ್ಲಿ ತಣ್ಣಗಿರುತ್ತದೆ ಎಂದು ಅವಳ ನಂಬಿಕೆ. ಪುಟ್ಟ ಉಬೆರ್ಲಿಂದಾಳನ್ನು ಒಲೆಯ ಮುಂದೆ ಕೂರಿಸಿ, ಕೆಟಲ್ ಉರುಳದ ಹಾಗೆ ಹಿಡಿದುಕೋ ಎಂದಳು.

"ಮನೆ ನಡೀತಿತ್ತು ಕಣೇ," ಎಂದು ಉಬೆರ್ಲಿಂದಾ ಮುಂದೆ ಮಗಳು ನೊಲ್ಫಾಗೆ ಹೇಳುತ್ತಿದ್ದಳು. "ಗೋಡೆಯೆಲ್ಲಾ ಕಿರ್ ಅಂತ ಅಳೋದು. ಹೆದರಿಕೆ ಆಗಿ ಕಿಟಕೀಲಿ ನೋಡಿದ್ರೆ, ನಿಮ್ಮಪ್ಪ ಬಾರುಕೋಲು ಹಿಡ್ಕೊಂಡು ಎತ್ತಿನ ಪಕ್ಕ ನಡೀತಿದ್ದ. ಮೂಗಲ್ಲಿ ಸಿಂಬಳ! ಆದ್ರೂ ನೋಡಿದ್ಮೇಲೆ ಧೈರ್ಯ ಬಂತು."

ಅಂದು ಮನೆ ಗುಡ್ಡದ ಮೇಲೆ ಕೂತಿತು. ಕುರಿ ಸುಟ್ಟರು, ಸೇಬಿನ ಹೆಂಡ ಹರಿಯಿತು.

"ನಿನ್ನ ಮನೇನೂ ತಂದು ನನ್ನ ಪಕ್ಕ ಇಡೋಣ ಕಂಪಾದ್ರೆ," ಎಂದ ಫಿಲಿದೋರ್. "ಯಾವತ್ತು ಅಂತ ಬಂದು ಒಂದು ಮಾತು ಹೇಳು."

"ನನ್ನ ಮನೆ ಎಲ್ಲಿದೆ ಅಂತ ನಿನಗೆ ಗೊತ್ತಲ್ಲ ಕಂಪಾದ್ರೆ," ಎಂದ ಕಂದೆಲಾರಿಯೊ. ಇಬ್ಬರೂ ನಕ್ಕರು.

ಮುಂದಿನ ಬೇಸಿಗೆ ಫಿಲಿದೋರ್ ಗುಡ್ಡದ ಮೇಲೆ ಕಾದ. ಕರೆಯದೆ ಹೋದರೆ, ನಿನ್ನ ಭಾರ ನೀನು ಹೊರಲಾರೆ ಎಂದು ಮುಖಕ್ಕೆ ಹೇಳಿದ ಹಾಗೆ. ಕಂದೆಲಾರಿಯೊ ದಿಮ್ಮಿ ಕಡಿದು, ತೊಗಟೆ ಸುಲಿದು, ಅಂಗಳದಲ್ಲಿ ಸಾಲಾಗಿ ಇಟ್ಟು ಕೆಳಗೆ ಕಾದ. ಮುಯ್ಯಿಯನ್ನು ಬಾಯಿಬಿಟ್ಟು ಕೇಳಿದರೆ, ನೀನು ಮರೆತೆ ಎಂದು ದೂರಿದ ಹಾಗೆ. ಇಬ್ಬರದೂ ಮರ್ಯಾದೆಯೇ. ದಿಮ್ಮಿಗಳು ಅಂಗಳದಲ್ಲೇ ಕೊಳೆತವು.

ಆಮೇಲೆ ಗಡಿ ಕಾಯುವ ಪೊಲೀಸರು ಬಂದರು, ಶಾಲೆ ಬಂತು, ಚರ್ಚು ಬಂತು. ಎಲ್ಲವೂ ಗುಡ್ಡದ ಮೇಲಿನ ಮನೆಯ ಸುತ್ತ. ಊರಿಗೊಂದು ಹೆಸರು ಬೇಕು ಎಂದು ಸರ್ಕಾರದವನು ಕೇಳಿದಾಗ, ಎದುರಿಗೆ ಇದ್ದದ್ದು ಯಾರ ಮನೆಯೋ ಅವರ ಹೆಸರನ್ನು ಬರೆದುಕೊಂಡ.

* * *

ನೊಲ್ಫಾ ಅಪ್ಪನ ಕೈಗೆ ಬಿಸಿ ಮಾಟೆ ಸೊಪ್ಪಿನ ಕಷಾಯ ತುಂಬಿದ ಸೋರೆಬುರುಡೆ ಕೊಟ್ಟಳು. ಅವನು ಕೊಳವೆಯನ್ನು ತುಟಿಗಿಟ್ಟುಕೊಂಡು ಹೀರದೆ ಕೂತ. ಅವಳು ರಬ್ಬರ್ ಬೂಟು ಏರಿಸಿ, ಬಾಗಿಲ ಹಿಂದೆ ತೂಗುಹಾಕಿದ್ದ ಉಣ್ಣೆಯ ಹೊದಿಕೆ, ಪೋಂಚೊವನ್ನು, ತಲೆಯ ಮೇಲಿಂದ ತೊಟ್ಟುಕೊಂಡಳು.

"ಎಲ್ಲಿಗೆ?" ಎಂದಳು ತ್ರಾನ್ಸಿತೊ.

"ಮೇಲಕ್ಕೆ."

"ನೀನು ಕೇಳಿದ್ದು ಲೆಕ್ಕಕ್ಕೆ ಬರಲ್ಲ ಮಗಳೇ. ನಿಮ್ಮಮ್ಮ ಕೇಳಿದ್ದೇ ಬರ್ಲಿಲ್ಲ."

"ಗೊತ್ತಜ್ಜಿ. ನಾನು ಕೇಳೋಕೆ ಹೋಗ್ತಿಲ್ಲ."

"ಮತ್ತೆ?"

"ಜಗಳ ಆಡೋಕೆ."

"ಹಾಗಾದ್ರೆ ಬೇಗ ಹೋಗು," ಎಂದಳು ಮುದುಕಿ, "ಅದಕ್ಕೆ ಟೋಪಿ ತೆಗೀಬೇಕಾಗಿಲ್ಲ."

ನೊಲ್ಫಾ ಏರಿನ ಬದಿಯ ಪೊದೆಗಳನ್ನು ಹಿಡಿದು ಹತ್ತಿದಳು. ಒಂದು ಕಡೆ ಬೂಟು ಜೇಡಿಯಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ಬಗ್ಗಿ ಕಿತ್ತು ಮತ್ತೆ ಹಾಕಿಕೊಂಡಳು. ಎರಾಸ್ಮೊ ಅವಳು ಬರುವುದನ್ನು ಮೊದಲಿನಿಂದಲೂ ನೋಡುತ್ತಿದ್ದ. ನುಣ್ಣಗೆ ಗಡ್ಡ ಹೆರೆದಿದ್ದ. ಎತ್ತುಗಳ ಮೈಯಿಂದ ಹಬೆ ಏಳುತ್ತಿತ್ತು.

"ಬಂದ್ಯಾ ಮಗಳೇ," ಎಂದ. ಕೆಳಗಿನ ಮನೆಯತ್ತ ನೋಡಿ, "ಕೂದಲು ಬಾಚಿದ್ರಾ ಅವಳಿಗೆ?"

"ಜಡೆ ಹಾಕಿದೀನಿ ಮಾವ."

"ಎರಡು ಜಡೆ ತಾನೆ?"

"ಎರಡೇ."

ಅವನು ತಲೆಯಾಡಿಸಿದ. ಎತ್ತಿನ ಹಣೆಯ ಮಿಣಿಯನ್ನು ಸುಮ್ಮನೆ ಬಿಚ್ಚಿ ಸುಮ್ಮನೆ ಕಟ್ಟಿದ. "ಗುಂಡಿ ತೋಡಿಸಿದೀನಿ. ಅಪ್ಪನ ಬೇಲಿಯೊಳಗೆ, ಅಮ್ಮನ ಪಕ್ಕದಲ್ಲಿ. ನೀರು ನಿಲ್ಲದ ಜಾಗ. ಎಷ್ಟೆಂದ್ರೂ ಅವಳು ಮಾನ್ಸಿಯಾ." ಮತ್ತೆ ಕೆಳಗೆ ನೋಡಿ, "ನಿಮ್ಮಪ್ಪ ಹೊರಟನಾ?"

"ಇಲ್ಲ."

"ಒಂದು ಮಾತು ಕೇಳಿದ್ರೆ ಸಾಕು, ನಾನು ಈ ಕ್ಷಣ ಇಳೀತೀನಿ. ಬೆಳಗ್ಗೆಯಿಂದ ಕಾಯ್ತಿದೀನಿ, ನೀನೇ ನೋಡ್ತಿದೀಯಲ್ಲ."

"ಬೆಳಗ್ಗೆಯಿಂದಲ್ಲ ಮಾವ," ಎಂದಳು ನೊಲ್ಫಾ. "ಅಮ್ಮ ಹತ್ತಿ ಬಂದು ಕೇಳಿದ್ಲಲ್ಲ, ಆವಾಗ ನೀನಿರ್ಲಿಲ್ವಾ?"

* * *

ಅವನಿದ್ದ. ಒಲೆಯ ಪಕ್ಕ ಕೂತು ಸೌದೆ ಸೀಳುತ್ತಿದ್ದ.

ಉಬೆರ್ಲಿಂದಾ ಮದುವೆಯಾಗಿ ಕೆಳಗೆ ಹೋದ ಮೊದಲ ಮಳೆಗಾಲ ಅದು. ಹೊಟ್ಟೆಯಲ್ಲಿ ನೊಲ್ಫಾ. ರಾತ್ರಿ ನೀರು ನುಗ್ಗಿ ಹಿಟ್ಟಿನ ಚೀಲವೆಲ್ಲ ನೆಂದಿತ್ತು. ಗಂಡನಿಗೆ ಹೋಗಿ ಕೇಳು ಎಂದಳು. ಅವನು, ನಮ್ಮಪ್ಪ ಬದುಕಿರುವಾಗ ನಾನು ಹೇಗೆ ಕೇಳಲಿ ಎಂದ. ಮಾವ ಕಂದೆಲಾರಿಯೊಗೆ ಹೇಳಿದಳು, ಅವನು, ನಿಮ್ಮಪ್ಪನಿಗೆ ನೆನಪಿದೆ, ಬರುತ್ತಾನೆ ಎಂದ. ಹಾಗಾಗಿ ತಾನೇ ಏರು ಹತ್ತಿ ಬಂದಳು. ಮಗಳು ಬಂದಳೆಂದು ಎದ್ದುನಿಂತ ಅಪ್ಪನ ಮುಂದೆ, ಗಂಡಸರು ಟೋಪಿ ತೆಗೆಯುವ ಹಾಗೆ ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು, ಆ ಮಾತುಗಳನ್ನು ಹೇಳಿದಳು. ನನಗೊಂದು ಭಾರ ಇದೆ.

ಫಿಲಿದೋರ್ ಕ್ರೂರಿಯಲ್ಲ. ಅವನ ಕಣ್ಣು ಒದ್ದೆಯಾಯಿತು. ಮಗಳನ್ನು ಕೂರಿಸಿ, ಜೇನು ಹಾಕಿ ಮಾಟೆ ಮಾಡಿಕೊಟ್ಟ.

"ನೀನು ಮಗಳು ಕಣಮ್ಮಾ," ಎಂದ. "ಮಗಳು ಕೇಳಿದ್ರೆ ಅದು ಅರಿಕೆ ಆಗಲ್ಲ. ಆ ಮನೆಯವರು ಯಾರಾದ್ರೂ ಬರಲಿ."

"ನಾನೀಗ ಆ ಮನೆಯವಳೇ ಅಲ್ವಾ ಅಪ್ಪಾ?"

"ಎಲ್ಲಿದ್ರೂ ನೀನು ಮಾನ್ಸಿಯಾ."

ಅವಳು ಅಣ್ಣನ ಕಡೆ ನೋಡಿದಳು. ಎರಾಸ್ಮೊ ಸೌದೆಯ ಗಂಟನ್ನೇ ನೋಡುತ್ತಿದ್ದ. ಅವಳು ಮಾಟೆ ಮುಗಿಸಿ, ವಸ್ತ್ರ ಕಟ್ಟಿಕೊಂಡು ಇಳಿದುಹೋದಳು. ಆಮೇಲೆ ಮತ್ತೆಂದೂ ಯಾರನ್ನೂ ಕೇಳಲಿಲ್ಲ.

ಹೊಳೆಯ ಕಲ್ಲು ಆರಿಸಿ ತಂದು ಒಲೆಯನ್ನು ಅದರ ಮೇಲಿಟ್ಟಳು. ಮಂಚದ ಕಾಲುಗಳಿಗೂ ಕಲ್ಲು ಕೊಟ್ಟಳು. ಹಿಟ್ಟು, ಆಲೂಗೆಡ್ಡೆ, ಕೋಳಿ, ಮಳೆಗಾಲ ಬಂತೆಂದರೆ ಎಲ್ಲ ಅಟ್ಟಕ್ಕೆ. ನೀರು ಇಳಿದ ಮೇಲೆ ಗೋಡೆಯ ಕೆಸರಿನ ಗೆರೆಯ ಮೇಲೆ ಸುಣ್ಣ ಬಳಿಯುತ್ತಿದ್ದಳು, ಮುಂದಿನ ವರ್ಷ ಅದೇ ಗೆರೆ. ನೊಲ್ಫಾ ಹುಟ್ಟಿದಳು, ಇನ್ನಿಬ್ಬರು ಹುಟ್ಟಿ ಉಳಿಯಲಿಲ್ಲ. ಗಂಡ ಜನರನ್ನು ಹೊಳೆ ದಾಟಿಸಿದ, ಇವಳು ದಾಟಿ ಬಂದವರಿಗೆ ಬಿಸಿ ನೀರು ಕಾಸಿದಳು, ನೆಂದ ಬೂಟುಗಳನ್ನು ಒಲೆಗೆ ಬೆನ್ನು ಮಾಡಿ ಇಟ್ಟಳು. ಭಾನುವಾರ ಪ್ರಾರ್ಥನೆಗೆಂದು ಮೇಲೆ ಹೋಗುವಾಗ ಅಣ್ಣನ ಮನೆಗೆ ಮೀನು, ಬರುವಾಗ ಅಲ್ಲಿಂದ ಗಿಣ್ಣು. ಎರಡು ಮನೆಗಳ ನಡುವೆ ದಾರಿ ಎಂಬುದು ಇದ್ದರೆ ಅದು ಅವಳ ಕಾಲಿನಿಂದಲೇ ಸವೆದದ್ದು.

ಮುದುಕರಿಬ್ಬರೂ ತೀರಿಹೋದರು. ನಾವೆಲ್ಕಿನ್ನರ ಎತ್ತುಗಳು ಒಂದೊಂದಾಗಿ ಮಾರಿಹೋದವು. ಕೇಳದೆ ಇರುವುದು ಬೆಲಾರ್ಮಿನೊನ ಪಾಲಿಗೆ ಬಂತು, ಕಾಯುವುದು ಎರಾಸ್ಮೊನ ಪಾಲಿಗೆ.

* * *

"ಅದನ್ನ ಯಾಕೀಗ ಎತ್ತುತೀಯ?" ಎಂದ ಎರಾಸ್ಮೊ.

"ಒಂದು ತಿಳ್ಕೋಬೇಕಿತ್ತು. ಅರಿಕೆ ಮಾಡೋರು ಯಾರು ಮಾವ? ಎತ್ತು ಇರೋರಾ, ಇಲ್ದೇ ಇರೋರಾ?"

"ಅದ್ಯಾವ ಪ್ರಶ್ನೆ! ಎತ್ತಿಗೂ ಅದಕ್ಕೂ ಏನು? ಭಾರ ಯಾರದ್ದೋ ಅವರು ಕೇಳ್ತಾರೆ."

"ಅಮ್ಮ ಯಾರ ಭಾರ?"

ಅವನು ಎತ್ತಿನ ಮಿಣಿಗೆ ಮತ್ತೆ ಕೈ ಹಾಕಿದ.

"ನಾವೆಲ್ಕಿನ್ ಆದ್ರೆ ನಮ್ಮ ಭಾರ," ಎಂದಳು ನೊಲ್ಫಾ. "ಆಗ ನಾವೇ ಕೆಳಗೆ ಅಂಗಳದಲ್ಲಿ ಗುಂಡಿ ತೋಡ್ತೀವಿ. ನೀರು ನಿಂತ್ರೆ ನಿಲ್ಲಲಿ, ಅವಳಿಗೇನು ಹೊಸದಲ್ಲ. ಮಾನ್ಸಿಯಾ ಅಂತ ನೀನೇ ಅಂದೆ, ಅಜ್ಜನೂ ಅಂದ, ಬೇಲಿಯೊಳಗೆ ಗುಂಡಿನೂ ತೋಡಿಸಿದೀಯ. ಹಾಗಾದ್ರೆ ಅವಳು ನಿಮ್ಮನೆ ಭಾರ. ಕೆಳಗೆ ಮಲಗಿದಾಳೆ. ಒಂದು ಜೋಡಿ ಎತ್ತು ಹೂಡ್ಕೊಂಡು ಒಬ್ನೇ ಈ ಏರಲ್ಲಿ ತರ್ತೀಯಾ? ಬಂಡಿ ಪಕ್ಕ ಹಿಡಿಯೋಕೆ ಕೈ ಬೇಡ್ವಾ?"

"ಬೇಕು."

"ಕೈ ಇರೋದು ಎಲ್ಲಿ?"

ಎರಾಸ್ಮೊ ಕೆಳಗೆ ನೋಡಿದ. ಹೂತ ಲಾರಿಯ ಸುತ್ತ ಕೆಳದಂಡೆಯ ಗಂಡಸರು ಕೆಸರು ಮೆತ್ತಿಕೊಂಡು ನಿಂತಿದ್ದರು.

"ನೀನು ಅಮ್ಮನ ಹಾಗಲ್ಲ," ಎಂದ. "ಅಜ್ಜನ ಹಾಗೆ."

"ಯಾವ ಅಜ್ಜ?"

ಅವನಿಗೆ ನಗು ಬಂದುಬಿಟ್ಟಿತು, ನಗುತ್ತಲೇ ಕಣ್ಣು ತುಂಬಿತು. ಬಾರುಕೋಲನ್ನು ಬೇಲಿಗೆ ಒರಗಿಸಿ, ಕೈಯೂರಿಕೊಂಡು ಏರು ಇಳಿಯತೊಡಗಿದ. ನೊಲ್ಫಾ ತೋಳು ಹಿಡಿಯಲು ಹೋದಳು. "ಬಿಡು," ಎಂದ, "ಅರಿಕೆಗೆ ಹೋಗೋನು ಒಬ್ಬನೇ ಹೋಗ್ಬೇಕು." ಅರ್ಧ ದಾರಿಯಲ್ಲಿ ಜಾರಿ ಕೂತುಬಿಟ್ಟ. ಕೆಳಗಿದ್ದವರು ಯಾರೂ ನಗಲಿಲ್ಲ. ಕರಿ ಕೋಟಿನ ಹಿಂಭಾಗವೆಲ್ಲ ಜೇಡಿ. ಎದ್ದು ಮತ್ತೆ ಇಳಿದ.

ಆ ಅಂಗಳದವರೆಗೆ ಅವನು ಎಷ್ಟೋ ಸಲ ಬಂದಿದ್ದ, ತಂಗಿಯನ್ನು ಹೊರಗೆ ಕರೆದು ಮಾತಾಡಿಸಿ ಹೋಗಿದ್ದ. ಹೊಸ್ತಿಲು ದಾಟಿದವನಲ್ಲ. ಈಗ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಪ್ರಾರ್ಥನೆ ಹೇಳುತ್ತಿದ್ದ ಹೆಂಗಸರ ದನಿ ತಾನಾಗಿ ನಿಂತಿತು. ಪಾದ್ರಿ ಏನೋ ಹೇಳಲು ಬಾಯಿ ತೆರೆದ; ತ್ರಾನ್ಸಿತೊ ಅವನ ತೋಳು ಚಿವುಟಿದಳು.

"ಬೆಲಾರ್ಮಿನೊ ನಾವೆಲ್ಕಿನ್," ಎಂದ ಎರಾಸ್ಮೊ. "ನನಗೊಂದು ಭಾರ ಇದೆ. ನನ್ನೊಬ್ಬನಿಂದ ಆಗದು. ನಿಮ್ಮ ಕೈ ಬೇಡ್ತೀನಿ."

ಬೆಲಾರ್ಮಿನೊ ಅವನನ್ನು ನೋಡಿದ. ಕೈಯಲ್ಲಿದ್ದ ಮಾಟೆ ಆರಿಹೋಗಿತ್ತು. ಅದನ್ನು ಒಲೆಯ ಅಂಚಿಗಿಟ್ಟು, ಪೆಟ್ಟಿಗೆಯ ಅಂಚು ಹಿಡಿದು ಎದ್ದುನಿಂತ.

"ಬಂದ್ವಿ ಅಂತ ತಿಳ್ಕೊ," ಎಂದ. ಅದು ಹೇಳಬೇಕಾದ ಮಾತು. ಆಮೇಲೆ ಹೇಳಬೇಕಿಲ್ಲದ ಇನ್ನೊಂದು ಮಾತು ಹೇಳಿದ: "ಒಳಗೆ ಬಾ ಭಾವ. ಆ ಹೊಸ್ತಿಲ ಹತ್ರ ನೀರು ನಿಲ್ಲುತ್ತೆ, ಕಾಲು ತೋಯುತ್ತೆ."

ಎರಾಸ್ಮೊ ಒಳಗೆ ಬಂದ. ತಂಗಿಯ ಮುಖ ನೋಡಿದ, ಎರಡು ಜಡೆ ನೋಡಿದ. ಆಮೇಲೆ ಕಲ್ಲುಗಳ ಮೇಲೆ ಕೂತ ಒಲೆಯನ್ನು ನೋಡಿದ, ಮಂಚದ ಕಾಲುಗಳನ್ನು ನೋಡಿದ. ಗೋಡೆಯ ಸುಣ್ಣದಡಿಯಲ್ಲಿ ಮೆಲ್ಲಗೆ ಕಾಣುತ್ತಿದ್ದ ಗೆರೆಯ ಹತ್ತಿರ ಹೋಗಿ ನಿಂತ. ಗೆರೆ ಅವನ ಸೊಂಟದ ಮಟ್ಟಕ್ಕಿತ್ತು. ಬೆರಳಿನಿಂದ ಅದನ್ನು ಮುಟ್ಟಿದ.

ಹೊರಗೆ ಬಂದು ಗುಡ್ಡದ ಕಡೆಗೆ ಕೈ ಬಾಯಿಗಿಟ್ಟು ಕೂಗಿದ. "ಹೋಯ್! ಎತ್ತು ತನ್ನಿ! ಎಲ್ಲಾ ಜೋಡಿನೂ ತನ್ನಿ! ಪ್ರತಿ ಮನೇದೂ!"

"ಎಲ್ಲಾ ಯಾಕೋ ಮಾರಾಯ?" ಎಂದಳು ತ್ರಾನ್ಸಿತೊ. "ಅವಳು ಹಿಡಿಯಷ್ಟೂ ಇರ್ಲಿಲ್ಲ. ಒಂದು ಜೋಡಿಗೇ ಹೆಚ್ಚು."

"ಒಂದು ಜೋಡಿ ಅವಳಿಗೆ," ಎಂದ ಎರಾಸ್ಮೊ. "ಉಳಿದದ್ದು ಮುಯ್ಯಿ."

ಮೇಲ್ದಂಡೆಯವರು ಅದನ್ನೇ ಕಾಯುತ್ತಿದ್ದವರ ಹಾಗೆ ಕೊಟ್ಟಿಗೆ ತೆರೆದರು. ಕಪ್ಪು ಎತ್ತು, ಕಂದು ಎತ್ತು, ಮೋಟು ಕೊಂಬಿನದು, ಮುದಿಯಾಗಿ ಉಳುಮೆ ಬಿಟ್ಟದ್ದು, ಜೋಡಿಯ ಹಿಂದೆ ಜೋಡಿ ಏರು ಇಳಿದವು. ಚಕ್ರವಿಲ್ಲದ ಸೌದೆಬಂಡಿಯ ಮೇಲೆ ಪೆಟ್ಟಿಗೆ ಇಟ್ಟು ಕಟ್ಟಿದರು. ನೊಗದಿಂದ ನೊಗಕ್ಕೆ ಸರಪಳಿ ಸಿಕ್ಕಿಸಿದರು. ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ ಅಂಗಳ ಸಾಲದೆ ಮುಂದಿನವು ದಾರಿಗೆ ಹೋದವು, ದಾರಿ ಸಾಲದೆ ಏರು ಹತ್ತಿದವು. ಮೊದಲ ಜೋಡಿ ಮೇಲ್ದಂಡೆಯ ಬೀದಿಯಲ್ಲಿ, ಚರ್ಚಿನ ಬಾಗಿಲ ಎದುರು ನಿಂತಿತ್ತು. ಉಬೆರ್ಲಿಂದಾ ಇನ್ನೂ ತನ್ನ ಅಂಗಳದಲ್ಲೇ ಇದ್ದಳು.

ಪಾದ್ರಿ ಶಿಲುಬೆ ಹಿಡಿದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸಾಲಿನ ಉದ್ದಕ್ಕೂ ನೋಡಿದ. ಬೆಲಾರ್ಮಿನೊ ಬಂಡಿಯ ಪಕ್ಕ ಕೈ ಇಟ್ಟ. ಕೆಳದಂಡೆಯವರು ಎರಡೂ ಬದಿ ಹಿಡಿದರು.

"ಹೋಗ್ಲಿ!" ಎಂದರು ಯಾರೋ.

ಅಷ್ಟು ಜೋಡಿಯನ್ನು ಒಟ್ಟಿಗೆ ಹೂಡಿದಾಗ ಹಿಂದೆ ಮನೆಯಂಥದ್ದೇನೋ ಇರುತ್ತದೆಂದು ಎತ್ತುಗಳಿಗೆ ಗೊತ್ತು. ಅವು ತಲೆ ತಗ್ಗಿಸಿ, ಮೊಣಕಾಲು ಬಾಗಿಸಿ, ಮೈಯ ಬಲವನ್ನೆಲ್ಲ ಕೊರಳಿಗೆ ತಂದವು. ಹಿಂದೆ ಒಂದು ಹಗುರ ಪೆಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ. ಮುಂದಿನವು ತಡವರಿಸಿ ಓಡುವ ಹಾಗಾದವು. ಎರಾಸ್ಮೊ ಸಾಲಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಬಾರುಕೋಲನ್ನು ಎತ್ತುಗಳ ಹಣೆಗೆ ಅಡ್ಡ ಹಿಡಿದು, ಮೆಲ್ಲಗೆ, ಮೆಲ್ಲಗೆ ಎಂದು ಒಂದೇ ಸಮನೆ ಹೇಳುತ್ತಿದ್ದ. ಗುಡ್ಡದ ನೆತ್ತಿಯಿಂದ ಹೊಳೆಯವರೆಗೆ ಇಳಿಬಿದ್ದ ಸರಪಳಿ ಎಲ್ಲೂ ಪೂರ್ತಿ ಬಿಗಿಯದೆ, ಜೋಲುತ್ತ, ಕೆಸರನ್ನು ಸವರುತ್ತ ಹತ್ತಿತು.